ಅಮ್ಮನ ನೋವು, ಮಗನ ಮಲಯಾಳಂ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿದರೆ ಕೂಟುಪುಳದ ಸೇತುವೆ. ಅಲ್ಲಿಗೆ ಕೊಡಗು ಮುಗಿದು ಕಣ್ಣೂರು ಜಿಲ್ಲೆ ಶುರು. ಮಟ್ಟನ್ನೂರಿನಲ್ಲಿ ವಿಮಾನ ಹತ್ತುವವರು, ಇರಿಟ್ಟಿಯ ನೆಂಟರ ಮದುವೆಗೆ ಹೊರಟವರು ಎಲ್ಲರಿಗೂ ಇದೇ ರಸ್ತೆ. ಬಯಾಪ್ಸಿಯ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡು ಹೋಗುವವರೂ ಇದ್ದಾರೆ. ತಲಶ್ಶೇರಿ ಬಳಿಯ ಕೋಡಿಯೇರಿಯಲ್ಲಿರುವ ಮಲಬಾರ್ ಕ್ಯಾನ್ಸರ್ ಸೆಂಟರ್, ದಕ್ಷಿಣ ಕೊಡಗಿನವರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗಿಂತ ಎಷ್ಟೋ ಹತ್ತಿರ.

ಭಾಷೆಯ ವಿಷಯದಲ್ಲಿ ಕೊಡಗಿನವರಿಗೆ ಸ್ವಲ್ಪ ಜಂಬ ಉಂಟು. ಮನೆಯಲ್ಲಿ ಕೊಡವ ತಕ್ಕ್ ಇಲ್ಲವೇ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳಂ, ತೋಟದ ಕೆಲಸದವರ ಲೈನ್‌ಮನೆಗಳಲ್ಲಿ ತಮಿಳು, ತುಳು, ಯರವ. ಆದರೆ ಈ ಜಾಣತನ ಮನೆಯೊಳಗೆ ಸಮಪಾಲಾಗಿಲ್ಲ. ಸಂತೆ, ಬ್ಯಾಂಕು, ಕಾಫಿ ವ್ಯಾಪಾರ ಅಂತ ತಿರುಗುವ ಗಂಡಸಿಗೆ ನಾಲ್ಕು ಭಾಷೆ ಬಂದರೆ, ತೋಟದಿಂದ ಅಡುಗೆಮನೆಗೆ ನಡೆದವಳಿಗೆ ಎರಡು. ಹಾಗಾಗಿ ಮಲಯಾಳಂ ಮಾತಿನ ಆ ಆಸ್ಪತ್ರೆಯಲ್ಲಿ ಮಗನೋ ಗಂಡನೋ ಮುಂದೆ, ಕಾಯಿಲೆಯವಳು ಹಿಂದೆ.

ಮಂಡಿನೋವಿಗೆ ಇದು ನಡೆಯುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ನಡೆಯುವುದಿಲ್ಲ. ಅದು ಮೊದಲು ತೋರುವುದು ಮುಟ್ಟು ನಿಂತವರಲ್ಲಿ ಮತ್ತೆ ರಕ್ತ, ವಾಸನೆಯ ಬಿಳಿಸೆರಗು, ಗಂಡನೊಡನೆ ಸೇರಿದ ಮೇಲೆ ರಕ್ತಸ್ರಾವ. ಯಾವ ತಾಯಿ ಇದನ್ನು ಮಗನಿಗೆ ಹೇಳಿ, ಡಾಕ್ಟರಿಗೆ ಹೇಳಪ್ಪಾ ಎಂದಾಳು? ‘ಅಮ್ಮನಿಗೆ ಹೊಟ್ಟೆನೋವು, ಸುಸ್ತು’ ಅನ್ನುತ್ತಾನೆ ಅವನು. ಸುಳ್ಳಲ್ಲ, ಅವನಿಗೆ ಗೊತ್ತಿರುವುದೇ ಅಷ್ಟು.

ಬೇಸರವೆಂದರೆ, ಈ ಕಾಯಿಲೆ ಬೇಕಾದಷ್ಟು ಸಮಯ ಕೊಡುತ್ತದೆ. ಇದನ್ನು ತರುವ ಎಚ್‌ಪಿವಿ ವೈರಸ್ ಒಳಹೊಕ್ಕ ಮೇಲೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. 30 ದಾಟಿದವರಿಗೆ ತರಬೇತಾದ ನರ್ಸೇ ಮಾಡಬಹುದಾದ ಪರೀಕ್ಷೆಯೊಂದಿದೆ: ಗರ್ಭಕಂಠಕ್ಕೆ ವಿನೆಗರಿನಂಥ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದರೆ ಅನುಮಾನದ ಜಾಗ ಬೆಳ್ಳಗಾಗುತ್ತದೆ. ಬೀದರ್, ಕಲಬುರಗಿಗೆ ತಾಗಿಕೊಂಡ, ಆಗ ಉಸ್ಮಾನಾಬಾದ್ ಎನ್ನುತ್ತಿದ್ದ ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಅಧ್ಯಯನ 2009ರಲ್ಲಿ ಹೊರಬಂತು. ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ, ಒಂದೇ ಒಂದು ಸಲ ಮಾಡಿದ್ದು, ಈ ಕ್ಯಾನ್ಸರಿನ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತ್ತು. ನಮ್ಮದೇ ಗಡಿಯಿಂದ ಬಂದ ಈ ಸುದ್ದಿ ಜಗತ್ತಿಗೆಲ್ಲ ಮುಟ್ಟಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ಪ್ರಾಯದ ಭಾರತೀಯ ಹೆಂಗಸರಲ್ಲಿ ಒಮ್ಮೆಯಾದರೂ ತಪಾಸಣೆಯಾದವರು ಶೇಕಡಾ 1.9.

ಈಗ ಹತ್ತಿಯ ಕಡ್ಡಿಯಂಥ ಬ್ರಷ್‌ನಿಂದ ಹೆಂಗಸು ತಾನೇ ಮಾದರಿ ತೆಗೆದುಕೊಡುವ ಎಚ್‌ಪಿವಿ ಪರೀಕ್ಷೆಯೂ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಮಾತಾಡಲು ನಾಚುವ ಊರುಗಳಿಗೆ ಇದಕ್ಕಿಂತ ಒಳ್ಳೆಯದು ಬೇಕೆ?

ಕಾಯಿಲೆ ಗರ್ಭಕಂಠದಾಚೆಗೆ ಹಬ್ಬಿದ ಮೇಲೆ ಸಾಮಾನ್ಯವಾಗಿ ಆಪರೇಷನ್ ಇರುವುದಿಲ್ಲ. ಸುಮಾರು ಐದು ವಾರ, ವಾರಕ್ಕೆ ಐದು ದಿನ ವಿಕಿರಣ. ಜತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕಿಮೊ ಔಷಧಿ. ಆಮೇಲೆ ಒಳಗೇ ಉಪಕರಣ ಇಟ್ಟು ಕೊಡುವ ಬ್ರಾಕಿಥೆರಪಿ. ಕಾಫಿ ಕೊಯ್ಲಿನ ಕಾಲವಾದರೆ ಅಷ್ಟೂ ಕೂಲಿ ಹೋಯಿತು. ಇಲ್ಲಿ ಪ್ರತಿ ಸೂಚನೆಗೂ ಬೆಲೆಯುಂಟು. ನೀರು ಕುಡಿದು ಮೂತ್ರ ಹೋಗದೆ ಬಾ ಎನ್ನುವುದು ಸುಮ್ಮನೆ ಅಲ್ಲ: ಮೂತ್ರಚೀಲ ತುಂಬಿದ್ದರೆ ಕರುಳು ಮೇಲೆ ಸರಿದು ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತದೆ. ಅರ್ಧ ಮಲಯಾಳಂ ಅರ್ಧ ಅಂದಾಜಿನಲ್ಲಿ ಕೇಳಿಸಿಕೊಂಡವಳು ಬಾತ್‌ರೂಮಿಗೆ ಹೋಗಿಬಂದೇ ಯಂತ್ರದ ಮೇಲೆ ಮಲಗಿಬಿಟ್ಟಾಳು.

ಚಿಕಿತ್ಸೆ ಮುಗಿದ ಮೇಲಿನ ಮಾತು ಇನ್ನೂ ಕಷ್ಟ. ವಿಕಿರಣದಿಂದ ಮುಟ್ಟು ಬೇಗ ನಿಲ್ಲುತ್ತದೆ, ಯೋನಿ ಬಿಗಿದು ಒಣಗುತ್ತದೆ. ಹಿಗ್ಗಿಸಲು ಡೈಲೇಟರ್ ಬಳಸಬೇಕಾಗುತ್ತದೆ. ಮುಂದಿನ ತಪಾಸಣೆಗಳು ಸಲೀಸಾಗಲಿ ಎಂಬುದೂ ಅದರ ಉದ್ದೇಶ. ಮಗನ ಬಾಯಿಂದ ಇದು ದಾಟಿಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವನನ್ನು ಹೊರಗೆ ಚಹಾಕ್ಕೆ ಕಳಿಸಿ, ಕನ್ನಡ ಬಲ್ಲ ನರ್ಸ್ ಒಬ್ಬರನ್ನು ಕೇಳಿ ಕರೆಸಿಕೊಳ್ಳಬಹುದು. ಮಲಯಾಳಂ ಬಲ್ಲ ಅತ್ತಿಗೆಯೋ ಪಕ್ಕದ ಲೈನಿನ ಹೆಂಗಸೋ ಜತೆಗಿದ್ದರಂತೂ ಕೆಲಸ ಹಗುರ.

ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ ಮತ್ತೆ ಅದೇ ಘಾಟಿ ಇಳಿಯಬೇಕು. ನಡುವೆ ರಕ್ತ ಕಂಡರೆ, ಕಾಲು ಊದಿದರೆ ಚೀಟಿಯಲ್ಲಿ ಬರೆದ ತಾರೀಖಿಗೆ ಕಾಯದೆ ಹೋಗಬೇಕು. ಆ ದಿನ ಅವಳ ಜತೆ ಬಸ್ ಹತ್ತುವವರು ಯಾರು ಎಂಬುದನ್ನು ಮನೆಯವರು ಮೊದಲೇ ಗೊತ್ತುಮಾಡಿಟ್ಟುಕೊಂಡಿದ್ದರೆ ಒಳ್ಳೆಯದು.