ಸೀಸದ ಕಡ್ಡಿಯೊಳಗಿನ ಅದಲುಬದಲು

ಸೀಸದ ಕಡ್ಡಿಯಲ್ಲಿ ಸೀಸವೇ ಇಲ್ಲ. ಅಲ್ಲಿರುವುದು ಜೇಡಿಮಣ್ಣು ಬೆರೆಸಿದ ಗ್ರಾಫೈಟ್, ಅಂದರೆ ಇಂಗಾಲದ ಒಂದು ರೂಪ. ಈ ಕಪ್ಪು ವಸ್ತುವಿನ ಒಳಗುಟ್ಟನ್ನು ಕಾಂತ ಮತ್ತು ಬೆಳಕಿನ ನೆರವಿನಿಂದ ಬಿಡಿಸಿದವರಲ್ಲಿ ಅಮೆರಿಕದ ಮಿಲ್ಡ್ರೆಡ್ ಡ್ರೆಸಲ್‌ಹೌಸ್ ಪ್ರಮುಖರು.

1930ರಲ್ಲಿ ನ್ಯೂಯಾರ್ಕಿನ ಬಡ ವಲಸೆಗಾರರ ಮನೆಯಲ್ಲಿ ಹುಟ್ಟಿದ ಆಕೆ ಶಾಲಾ ಶಿಕ್ಷಕಿಯಾಗಲೆಂದೇ ಹಂಟರ್ ಕಾಲೇಜು ಸೇರಿದ್ದರು. ಹೆಣ್ಣುಮಕ್ಕಳಿಗೆ ಆಗ ತೆರೆದಿದ್ದ ಬಾಗಿಲುಗಳೇ ಎರಡು-ಮೂರು. ಭೌತವಿಜ್ಞಾನದ ಕಡೆಗೆ ಅವರನ್ನು ತಿರುಗಿಸಿದವರು ಅಲ್ಲಿ ಪಾಠ ಹೇಳುತ್ತಿದ್ದ ರೋಸಲಿನ್ ಯಾಲೋ. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಹುಮಾನ ಬಂತು. (ಶಿಕ್ಷಕ ವೃತ್ತಿಗೇನೂ ನಷ್ಟವಾಗಲಿಲ್ಲವೆನ್ನಿ. ಶಿಷ್ಯೆ ಮುಂದೆ ದಶಕಗಳ ಕಾಲ ಎಂಐಟಿಯಲ್ಲಿ ಪಾಠ ಹೇಳಿದರು.)

1960ರಲ್ಲಿ ಲಿಂಕನ್ ಲ್ಯಾಬೊರೇಟರಿ ಸೇರಿದಾಗ ಆಕೆ ಹೊಸ ವಿಷಯ ಆರಿಸಿಕೊಂಡರು. ಪ್ರಬಲ ಕಾಂತಕ್ಷೇತ್ರದಲ್ಲಿ ಹರಳನ್ನಿಟ್ಟು ಬೆಳಕು ಹಾಯಿಸಿ ಪರೀಕ್ಷಿಸುವ ವಿಧಾನ ಜರ್ಮೇನಿಯಂನಂಥ ಅರೆವಾಹಕಗಳಲ್ಲಿ ಆಗಲೇ ಫಲ ಕೊಟ್ಟಿತ್ತು. ಅದನ್ನೇ ಅವರು ಅರೆಲೋಹವಾದ ಗ್ರಾಫೈಟಿಗೆ ಅನ್ವಯಿಸಿದರು. ಹೆಚ್ಚು ಮಂದಿ ಕೈಹಾಕದ ಕ್ಷೇತ್ರ, ಪೈಪೋಟಿ ಕಡಿಮೆ. ನಾಲ್ಕು ಮಕ್ಕಳನ್ನು ಸಾಕುತ್ತಿದ್ದ ತಾಯಿಗೆ ಅದು ಅನುಕೂಲವೂ ಆಗಿತ್ತು. ಇದನ್ನು ಹಿಂಜರಿಕೆಯೆನ್ನುವವರು ಮುಂದಿನದನ್ನು ಓದಬೇಕು.

ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನು ನೇರವಾಗಿ ಓಡದೆ ಸುತ್ತತೊಡಗುತ್ತದೆ. ಅದರ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಕಾಂತ ಬಲವಾದಷ್ಟೂ ಮೆಟ್ಟಿಲುಗಳ ನಡುವಿನ ಅಂತರ ಹೆಚ್ಚು. ಬೆಳಕಿನ ಕಣದ ಶಕ್ತಿ ಈ ಅಂತರಕ್ಕೆ ಸರಿಹೊಂದಿದಾಗ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಜಿಗಿಯುತ್ತದೆ, ಹರಳಿನಿಂದ ಮರಳುವ ಬೆಳಕಿನ ಪ್ರಮಾಣದಲ್ಲಿ ಏರಿಳಿತ ಕಾಣುತ್ತದೆ. ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗಕ್ಕೆ 'ರಂಧ್ರ' ಎಂದು ಹೆಸರು. ಅದು ಧನ ವಿದ್ಯುದಂಶದ ಕಣದಂತೆ ವರ್ತಿಸಿ ವಿರುದ್ಧ ದಿಕ್ಕಿಗೆ ಸುತ್ತುತ್ತದೆ. ಆದರೆ ಸಾಧಾರಣ ಬೆಳಕಿಗೆ ಈ ಎಡ-ಬಲದ ಭೇದ ತಿಳಿಯದು.

ಆ ಭೇದ ಹೇಳಬಲ್ಲದ್ದು ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕು, ಅಂದರೆ ಎಡಕ್ಕೋ ಬಲಕ್ಕೋ ತಿರುಗುತ್ತ ಸಾಗುವ ಬೆಳಕು. ಲೇಸರ್ ಬಂದ ಮೇಲೆ ಇಂಥ ಸೂಕ್ಷ್ಮ ಪರೀಕ್ಷೆಗೆ ದಾರಿಯಾಯಿತು. ಪಾಲ್ ಶ್ರೋಡರ್ ಮತ್ತು ಅನಿಲ ಲೇಸರಿನ ನಿರ್ಮಾತೃಗಳಲ್ಲೊಬ್ಬರಾದ ಅಲಿ ಜವಾನ್ ಅವರ ಜೊತೆ ಆಕೆ ನಡೆಸಿದ ಪ್ರಯೋಗದ ಫಲಿತಾಂಶ 1968ರಲ್ಲಿ ಪ್ರಕಟವಾಯಿತು. ಗ್ರಾಫೈಟಿನ ಶಕ್ತಿನಕ್ಷೆಯಲ್ಲಿ ವಿಜ್ಞಾನಿಗಳು ಎಲೆಕ್ಟ್ರಾನುಗಳೆಂದು ಗುರುತು ಹಾಕಿದ್ದ ಜಾಗದಲ್ಲಿದ್ದದ್ದು ರಂಧ್ರಗಳು, ರಂಧ್ರಗಳೆಂದ ಕಡೆ ಎಲೆಕ್ಟ್ರಾನುಗಳು! ನಕ್ಷೆಯನ್ನು ಹರಿದೆಸೆಯಬೇಕಾಗಲಿಲ್ಲ, ಅದರ ಒಂದು ಮುಖ್ಯ ಅಂಕಿಯ ಧನ-ಋಣ ಚಿಹ್ನೆಯನ್ನು ಬದಲಿಸಬೇಕಾಯಿತು.

ಅದೇ ವರ್ಷ ಎಂಐಟಿ ಅವರನ್ನು ಕಾಯಂ ಪ್ರಾಧ್ಯಾಪಕಿಯಾಗಿ ನೇಮಿಸಿಕೊಂಡಿತು.