ಮಣಿಕಟ್ಟಿನ ಮರ್ಮ

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಹುಟ್ಟಿತು. ಸಿದ್ಧಕಟ್ಟೆಯ ನಾವು ಎತ್ತಿದ್ದು ಕಟ್ಟಿಗೆ ಸೀಳುವ ಕೊಡಲಿಯನ್ನು. ಮರ್ಮ ಮಾತ್ರ ಒಂದೇ. ಕೊಡಲಿ ನೆತ್ತಿಯ ಮೇಲಿರುವ ಕ್ಷಣದಲ್ಲಿ ಹಿಡಿತ ಸಡಿಲಿದರೆ ಅಲಗು ವಾಲಿ ಏಟು ಓರೆಯಾಗುತ್ತದೆ. ಗಾಲ್ಫಿನಲ್ಲಿಯೂ, ಕೋಲನ್ನು ಮೇಲೆತ್ತಿದಾಗ ಬಲಗೈ ಆಟಗಾರನ ಎಡ ಮಣಿಕಟ್ಟು ಹಸ್ತದ ಬೆನ್ನಿನತ್ತ ಮಡಿದರೆ ಕೋಲಿನ ಮುಖ ತೆರೆದು ಚೆಂಡು ಬಲಕ್ಕೆ ಹೊರಳುತ್ತದೆ. ಅಂಗೈಯತ್ತ ಮಡಿದರೆ ಎಡಕ್ಕೆ. ಎಡಕ್ಕೆ ಹೊರಳುವ ಚೆಂಡಿನಿಂದ ಬಹುಕಾಲ ಕಂಗೆಟ್ಟಿದ್ದ ಅಮೆರಿಕದ ಬೆನ್ ಹೋಗನ್, ಮಣಿಕಟ್ಟನ್ನು ಹಸ್ತದ ಬೆನ್ನಿನತ್ತ ತುಸುವೇ ಮಡಿಸಿ ಆ ಪೀಡೆಯನ್ನು ಗೆದ್ದನು. ಗುಟ್ಟನ್ನು 1955ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಯಲು ಮಾಡಿದನು. ಒಬ್ಬನ ದೋಷ ಇನ್ನೊಬ್ಬನಿಗೆ ಔಷಧ!

ನನ್ನ ಮುದಿ ಮಣಿಕಟ್ಟು ಈಗ ಕೊಡಲಿಯನ್ನು ತಾಳದು. ಗಾಲ್ಫ್ ಕಲಿಯುತ್ತಿರುವ ಮೊಮ್ಮಗನಿಗೆ ನಾನು ಕೊಡಬಹುದಾದ ಆಸ್ತಿ ಇಷ್ಟೇ: "ಮಗೂ, ಮೇಲೇರಿದಾಗ ಬಿಗಿಯಲೂ ಬೇಡ, ಬಿಡಲೂ ಬೇಡ."