ಹಳದಿ ಬಾಟಲಿ

ಗ್ಲೂಕೋಸ್ ಬಾಟಲಿಗೆ ಮಲ್ಟಿವಿಟಮಿನ್ ಇಂಜೆಕ್ಷನ್ ಬೆರೆಸಿದರೆ ಇಡೀ ಬಾಟಲಿ ಹಳದಿಯಾಗುತ್ತದೆ. ಆ ಬಣ್ಣ ಬಿ2ನದು, ಅಂದರೆ ರೈಬೋಫ್ಲೇವಿನ್‌ನದು. ನಮ್ಮ ದಾವಣಗೆರೆ ಸೀಮೆಯಲ್ಲಿ ಈ ಹಳದಿ ಬಾಟಲಿಗಿರುವ ಮರ್ಯಾದೆ ಬೇರೆ ಔಷಧಿಗಳಿಗಿಲ್ಲ. ನೀರಿನ ಬಣ್ಣದ್ದು ಹಾಕಿದರೆ ‘ಬರೇ ಗ್ಲೂಕೋಸ್ ಹಾಕಿ ಕಳಿಸಿದ್ರು’ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಹಳದಿಯದು ತೂಗಾಡುತ್ತಿದ್ದರೆ ನೋಡಲು ಬಂದ ನೆಂಟರಿಗೂ ಸಮಾಧಾನ. ಹದಿನಾರು ವರ್ಷಗಳಿಂದ ತೀವ್ರ ನಿಗಾ ಘಟಕದ ವೈದ್ಯೆಯಾಗಿದ್ದೇನೆ. ಆ ಬಾಗಿಲಲ್ಲಿ ನನಗೆ ಎದುರಾಗುವ ಮೊದಲ ಪ್ರಶ್ನೆ ‘ಉಳೀತಾರಾ ಮೇಡಂ?’ ಎಂಬುದು. ಎರಡನೆಯದು, ‘ಶಕ್ತಿ ಬರೋಕೆ ಏನಾದ್ರೂ ಹಾಕ್ತಿದೀರಾ?’

ಎರಡನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಪ್ರಪಂಚದ ದೊಡ್ಡ ದೊಡ್ಡ ವೈದ್ಯರೂ ಅದನ್ನೇ ಕೇಳಿಕೊಂಡಿದ್ದಾರೆ. ನಂಜು ರಕ್ತಕ್ಕೇರಿದ ರೋಗಿಯಲ್ಲಿ ವಿಟಮಿನ್ ಸಿ ಪಾತಾಳಕ್ಕಿಳಿದಿರುತ್ತದೆ, ಕೆಲವರಲ್ಲಂತೂ ಸ್ಕರ್ವಿ ಬಂದವರ ಮಟ್ಟಕ್ಕೆ. ಮೇಕೆಗೆ ಈ ತೊಂದರೆಯಿಲ್ಲ, ಅದರ ಪಿತ್ತಜನಕಾಂಗವೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತದೆ. ಮನುಷ್ಯ ಆ ವಿದ್ಯೆಯನ್ನು ಎಂದೋ ಕಳೆದುಕೊಂಡ. ಹಾಗಾದರೆ ರಕ್ತನಾಳಕ್ಕೇ ಸುರಿದರೆ? 2017ರಲ್ಲಿ ಅಮೆರಿಕದ ವರ್ಜೀನಿಯಾದ ಪಾಲ್ ಮಾರಿಕ್ ಎಂಬ ವೈದ್ಯರು 47 ರೋಗಿಗಳಿಗೆ ವಿಟಮಿನ್ ಸಿ, ಥಯಾಮಿನ್, ಹೈಡ್ರೊಕಾರ್ಟಿಸೋನ್ ಮೂರನ್ನೂ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಸತ್ತವರು ನಾಲ್ವರು. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಈ ಔಷಧಿ ಇಲ್ಲದೆ ಚಿಕಿತ್ಸೆ ಪಡೆದ 47 ಮಂದಿಯಲ್ಲಿ ಸತ್ತವರು 19. ಆ ಲೇಖನವನ್ನು ರಾತ್ರಿ ಪಾಳಿಯಲ್ಲಿ ಕುಳಿತು ಎರಡು ಸಲ ಓದಿದ್ದು ನೆನಪಿದೆ. ಪಕ್ಕದ ಕೋಣೆಯಲ್ಲಿ ಮೂರು ವೆಂಟಿಲೇಟರ್‌ಗಳು ಉಸಿರಾಡುತ್ತಿದ್ದವು. ನಿಜವಾಗಲಿ ಎಂದು ಯಾರಿಗೆ ಅನ್ನಿಸುವುದಿಲ್ಲ?

ಆಮೇಲೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ದೊಡ್ಡ ಪ್ರಯೋಗಗಳು ಬಂದವು. 2020ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ಗಳದ್ದು, ವ್ಯತ್ಯಾಸ ಕಾಣಲಿಲ್ಲ. 2022ರ ಲೋವಿಟ್ ಪ್ರಯೋಗದಲ್ಲಿ 872 ರೋಗಿಗಳಿದ್ದರು. ವಿಟಮಿನ್ ಸಿ ಪಡೆದವರಲ್ಲಿ ಸಾವು ಅಥವಾ ಅಂಗಾಂಗ ಚೇತರಿಸದೆ ಉಳಿದದ್ದು ಶೇ. 44.5, ವಿಟಮಿನ್ ಇಲ್ಲದ ಬರೀ ದ್ರಾವಣ ಪಡೆದವರಲ್ಲಿ ಶೇ. 38.5. ಉಪಕಾರ ಹಾಗಿರಲಿ, ಅಪಕಾರವೇ ಆದಂತಿತ್ತು. ವಿಟಮಿನ್ ಡಿಯದೂ ಹೆಚ್ಚುಕಡಿಮೆ ಇದೇ ಪಾಡು. ಮೆಡಿಕಲ್ ಶಾಪಿನಲ್ಲಿ ‘ವಾರಕ್ಕೊಂದು ಹಾಲಿಗೆ ಹಾಕ್ಕೊಂಡು ಕುಡೀರಿ’ ಎಂದು ಕೊಡುವ 60,000 ಯೂನಿಟ್ಟಿನ ಪುಡಿ ನಿಮಗೂ ಗೊತ್ತಿರಬಹುದು. ಅಂಥ ಒಂಬತ್ತು ಪುಡಿಗಳಷ್ಟನ್ನು, ಅಂದರೆ 5,40,000 ಯೂನಿಟ್ಟನ್ನು, ಕೊರತೆಯಿದ್ದ ಗಂಭೀರ ರೋಗಿಗಳಿಗೆ ಒಂದೇ ಸಲ ಕುಡಿಸಿ ನೋಡಿದರು. ರಿಪೋರ್ಟಿನ ಅಂಕಿ ಏರಿತು. 2019ರಲ್ಲಿ ಲೆಕ್ಕ ಹಾಕಿದಾಗ ಸಾವು ಮಾತ್ರ ಕಡಿಮೆಯಾಗಿರಲಿಲ್ಲ.

ಹಾಗೆಂದು ವಿಟಮಿನ್ನುಗಳೆಲ್ಲ ಬೂಟಾಟಿಕೆ ಎಂದು ಹೊರಟರೆ ಥಯಾಮಿನ್ ಬಂದು ಕೈ ಹಿಡಿದು ನಿಲ್ಲಿಸುತ್ತದೆ. ಬಿ1 ಎನ್ನುವುದೂ ಅದನ್ನೇ. ಅಕ್ಕಿಯ ತೌಡಿನಲ್ಲಿರುವಂಥದ್ದು. ನಾವು ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿ ತೌಡನ್ನು ಎಮ್ಮೆಗೆ ಹಾಕುತ್ತೇವೆ. ಎಮ್ಮೆ ಬುದ್ಧಿವಂತ ಪ್ರಾಣಿ. ಕರಾವಳಿಯವರ ಕುಚ್ಚಲಕ್ಕಿಯಲ್ಲಿ ಸ್ವಲ್ಪ ಉಳಿದುಕೊಳ್ಳುತ್ತದೆ, ಭತ್ತ ಬೇಯಿಸುವಾಗ ಅದು ಕಾಳಿನೊಳಕ್ಕೆ ಇಳಿಯುವುದರಿಂದ. ಇದರ ಜಾಡು ಮೊದಲು ಹಿಡಿದ ಡಚ್ ವೈದ್ಯ ಐಕ್‌ಮನ್‌ಗೆ ಜಾವಾದಲ್ಲಿ ನೆರವಾದದ್ದು ಕೋಳಿಗಳು. ಮಿಲಿಟರಿ ಆಸ್ಪತ್ರೆಯ ಬಿಳಿ ಅನ್ನ ತಿಂದು ಕಾಲು ಸೋತ ಕೋಳಿಗಳು, ಹೊಸದಾಗಿ ಬಂದ ಅಡುಗೆಯವನು ‘ಮಿಲಿಟರಿ ಅನ್ನ ಕೋಳಿಗೆ ಕೊಡೋದಿಲ್ಲ’ ಎಂದು ಹಟ ಹಿಡಿದ ಮೇಲೆ ಗುಣವಾದವಂತೆ. 1929ರಲ್ಲಿ ನೊಬೆಲ್ ಬಂದದ್ದು ಐಕ್‌ಮನ್‌ಗೆ, ಅಡುಗೆಯವನಿಗಲ್ಲ.

ದೇಹದಲ್ಲಿ ಥಯಾಮಿನ್ ದಾಸ್ತಾನು ಇರುವುದು ಎರಡು ಮೂರು ವಾರಕ್ಕಾಗುವಷ್ಟು ಮಾತ್ರ. ಒಬ್ಬ ಬಸುರಿ ಹುಡುಗಿ ಮೂರು ವಾರಕ್ಕೂ ಮೇಲೆ ವಾಂತಿ ಮಾಡಿಕೊಂಡಿದ್ದಳು. ಬಯಕೆ ಸಂಕಟ, ಎಲ್ಲರಿಗೂ ಇರುವುದೇ ಎಂದು ಮನೆಯವರು ಸುಮ್ಮನಿದ್ದರು. ಆಮೇಲೆ ಒಂದು ಕಡೆ ಸೇರಿಸಿದರು. ಅಲ್ಲಿ ನಾಲ್ಕು ದಿನ ಗ್ಲೂಕೋಸ್ ಮೇಲೆ ಗ್ಲೂಕೋಸ್ ಹಾಕಿದ್ದರು. ಗ್ಲೂಕೋಸನ್ನು ಉರಿಸಲು ದೇಹಕ್ಕೆ ಥಯಾಮಿನ್ ಬೇಕು. ಇದ್ದ ಚೂರುಪಾರೂ ಅದರಲ್ಲೇ ಮುಗಿದಿರಬೇಕು. ನಮ್ಮಲ್ಲಿಗೆ ಬಂದಾಗ ಅವಳಿಗೆ ಒಂದು ಎರಡಾಗಿ ಕಾಣುತ್ತಿತ್ತು, ನಿಲ್ಲಿಸಿದರೆ ವಾಲುತ್ತಿದ್ದಳು. ಪಕ್ಕದಲ್ಲೇ ಇದ್ದ ತಾಯಿಯನ್ನು ‘ಅವ್ವ ಯಾವಾಗ ಬರ್ತಾಳೆ?’ ಎಂದು ಕೇಳುತ್ತಿದ್ದಳು. ತೋಳಿನಲ್ಲಿ ಹೊಸ ದಾರ ಕಟ್ಟಿತ್ತು. ‘ಗಾಳಿ ಸೋಕಿದೆ ಮೇಡಂ’ ಎಂದರು ಅತ್ತೆ.

ನನ್ನ ಬೆರಳನ್ನು ಹಿಂಬಾಲಿಸು ಎಂದರೆ ಅವಳ ಕಣ್ಣು ಪಕ್ಕಕ್ಕೆ ಹೋಗಲಿಲ್ಲ, ನಿಂತಲ್ಲೇ ನಡುಗಿತು. ರಕ್ತವನ್ನು ಬೆಳಕು ತಾಗದಂತೆ ಸುತ್ತಿ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಬಹುದು. ಉತ್ತರ ಬರುವಷ್ಟರಲ್ಲಿ ಮಿದುಳು ಕೆಟ್ಟಿರುತ್ತದೆ. ಹಾಗಾಗಿ ಇಲ್ಲಿ ಅಂಕಿಗೆ ಕಾಯುವಂತಿಲ್ಲ. ಥಯಾಮಿನ್ ದುಬಾರಿ ಔಷಧಿಯೂ ಅಲ್ಲ. ಆಗಲೇ ಕೊಟ್ಟೆವು. ಮರುದಿನ ಬೆಳಿಗ್ಗೆ ಕಣ್ಣು ಪಕ್ಕಕ್ಕೆ ಹೊರಳಿತು. ನೆಟ್ಟಗೆ ನಡೆಯಲು ಎರಡು ತಿಂಗಳು ಹಿಡಿಯಿತು. ಹೆರಿಗೆಯಾಗಿದೆ, ಮಗು ಚೆನ್ನಾಗಿದೆ. ಆ ಆಸ್ಪತ್ರೆವಾಸದ ದಿನಗಳು ಮಾತ್ರ ಅವಳ ನೆನಪಿಗೆ ಬಂದಿಲ್ಲ.

ಅವಳ ವಿಷಯದಲ್ಲಿ ಅಂಕಿ ಬೇಕಿರಲಿಲ್ಲ. ಬೇಡವಾದ ಕಡೆ ಅಂಕಿ ಬಂದು ಏನು ಮಾಡುತ್ತದೆ ಎಂಬುದನ್ನೂ ನೋಡಿದ್ದೇನೆ. ಎಪ್ಪತ್ತೆರಡರ ಅಜ್ಜ, ನ್ಯುಮೋನಿಯಾ, ವೆಂಟಿಲೇಟರ್. ಬರುವಾಗಲೇ ಬೇರೆ ಕಡೆ ಮಾಡಿಸಿದ ಹನ್ನೆರಡು ಪುಟದ ರಿಪೋರ್ಟ್ ಜೊತೆಗಿತ್ತು. ವಿಟಮಿನ್ ಡಿ 9, ಎ ಕಡಿಮೆ, ಝಿಂಕ್ ಕಡಿಮೆ, ಎಲ್ಲದರ ಮುಂದೆ ಕೆಂಪು ಬಾಣ. ಮಗಳು ಅದನ್ನು ಕಾರಿಡಾರಿನಲ್ಲಿ ನಿಂತು ಗಟ್ಟಿಯಾಗಿ ಓದಿದಳು. ‘ನೋಡ್ರಿ, ಅಪ್ಪಾಜಿಗೆ ಹೊಟ್ಟೆಗೇ ಹಾಕಿಲ್ಲ.’ ಊರಲ್ಲಿ ಅಜ್ಜನನ್ನು ಆರು ವರ್ಷದಿಂದ ನೋಡಿಕೊಂಡ ಸೊಸೆ ಬುತ್ತಿಚೀಲ ಹಿಡಿದು ಗೋಡೆಗೊರಗಿ ನಿಂತಿದ್ದಳು. ಏನೂ ಹೇಳಲಿಲ್ಲ.

ಎಲ್ಲರನ್ನೂ ಒಳಗೆ ಕರೆದು ಕೂರಿಸಿದೆ. ಈ ವಿಟಮಿನ್ನುಗಳು ರಕ್ತದಲ್ಲಿ ತಾವಾಗಿ ಓಡಾಡುವುದಿಲ್ಲ, ಪ್ರೋಟೀನುಗಳು ಹೊತ್ತು ತಿರುಗುತ್ತವೆ. ಮೈಗೆ ದೊಡ್ಡ ಸೋಂಕು ಬಂದಾಗ ಆ ಪ್ರೋಟೀನುಗಳೇ ತಗ್ಗುತ್ತವೆ. ಜೊತೆಗೆ ನಾವು ಹಾಕುವ ಸಲೈನಿನಿಂದ ರಕ್ತವೂ ತೆಳುವಾಗುತ್ತದೆ. ಮಂಡಿ ಬದಲಿಸುವ ಆಪರೇಷನ್ ಆದವರಲ್ಲೂ ಎರಡೇ ದಿನಕ್ಕೆ ವಿಟಮಿನ್ ಡಿ ಅಂಕಿ ಇಳಿದದ್ದನ್ನು ಅಳೆದು ನೋಡಿದ್ದಾರೆ. ಎರಡು ದಿನ ಉಪವಾಸ ಕೆಡವಿದ್ದಕ್ಕಲ್ಲ ಅದು. ‘ರಸ್ತೆ ಮೇಲೆ ಗಾಡಿ ಕಮ್ಮಿ ಆದ್ರೆ ಕಣಜ ಖಾಲಿ ಅಂತ ಹೇಳೋಕಾಗುತ್ತಾ?’ ಎಂದೆ. ಮಗ ತಲೆಯಾಡಿಸಿದ. ಮಗಳು ಪುಟ ತಿರುವುತ್ತಿದ್ದಳು. ಅದೇ ರಿಪೋರ್ಟಿನಲ್ಲಿ ಬಿ12 ಮಾತ್ರ ಮಿತಿ ಮೀರಿ ಏರಿತ್ತು, ಬಾಣ ಮೇಲಕ್ಕಿತ್ತು. ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದಾಗ ಅಲ್ಲಿದ್ದ ಬಿ12 ರಕ್ತಕ್ಕೆ ಸೋರುತ್ತದೆ. ಅದಕ್ಕಾಗಿ ಯಾರೂ ಸೊಸೆಯನ್ನು ಹೊಗಳಿರಲಿಲ್ಲ.

ಅಜ್ಜ ಹನ್ನೊಂದನೆಯ ದಿನ ತೀರಿಕೊಂಡರು. ಹೆಣ ಸಾಗಿಸುವ ಗಾಡಿ ಬರುವ ತನಕ ಸೊಸೆ ನನ್ನ ಕೋಣೆಯ ಹೊರಗೆ ಕಾದಿದ್ದಳು. ‘ಅವತ್ತು ಹೇಳಿದ್ರಲ್ಲ ಮೇಡಂ, ಊಟ ಕಮ್ಮಿ ಆಗಿ ಅಲ್ಲ ಅಂತ. ಒಂದು ಕಾಗದದಾಗೆ ಬರ್ದುಕೊಡ್ತೀರಾ? ತಿಥಿಗೆ ಎಲ್ಲಾರೂ ಬರ್ತಾರೆ.’

ಲೆಟರ್‌ಹೆಡ್ಡಿನ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿದೆ. ನಿಧಾನವಾಗಿ ಪೂರ್ತಿ ಓದಿ ವಾಪಸು ಕೊಟ್ಟಳು. ಸೀಲ್ ಹಾಕಿರಲಿಲ್ಲ.